ಆಜ್ಞೆ ಸರಿಯಿದೆ, ಡಿಸ್ಕ್ ಸಂಖ್ಯೆ ಯಾರದು?

ಮಾನ್ಯ ಸಂಪಾದಕರೇ,

ಕೈಕೊಟ್ಟ ಪೆನ್‌ಡ್ರೈವನ್ನು ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಡಿಸ್ಕ್‌ಪಾರ್ಟ್’ ಎಂಬ ವಿಂಡೋಸ್ ತಂತ್ರಾಂಶ ಬಳಸಿ ಅಳಿಸಿ, ಹೊಸ ಪಾರ್ಟಿಷನ್ (ಡಿಸ್ಕಿನ ವಿಭಾಗ) ಮಾಡಿ, ಫಾರ್ಮ್ಯಾಟ್ ಮಾಡುವ ಕ್ರಮವನ್ನು ತಮ್ಮ ತಂತ್ರಜ್ಞಾನ ಅಂಕಣದಲ್ಲಿ ಓದಿದೆ. ಅಲ್ಲಿ ಕೊಟ್ಟ ಆಜ್ಞೆಗಳಲ್ಲಿ ಒಂದೂ ತಪ್ಪಿಲ್ಲ. ಆದರೆ ‘ಸೆಲೆಕ್ಟ್ ಡಿಸ್ಕ್ 1’ ಎಂದು ಅಚ್ಚಾಗಿರುವ ಆ 1, ಅಂದರೆ ವಿಂಡೋಸ್ ಪ್ರತಿ ಡಿಸ್ಕಿಗೆ ಕೊಡುವ ಸಂಖ್ಯೆ, ಲೇಖಕರ ಕಂಪ್ಯೂಟರಿನದು, ಓದುಗರದಲ್ಲ ಎಂಬ ಮಾತು ಲೇಖನದಲ್ಲಿ ಎಲ್ಲಿಯೂ ಇರಲಿಲ್ಲ.

ನಾನು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಕಳೆದ ವಾರ ನಮ್ಮೂರಿನ ಫೋಟೊ ಸ್ಟುಡಿಯೊದವರೊಬ್ಬರು ಆ ಪುಟವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು, ಸಿಪಿಯು ಡಬ್ಬವನ್ನು ಎತ್ತಿಕೊಂಡೇ ಬಂದರು. ಅವರಲ್ಲಿ ವಿಂಡೋಸ್ ಇರುವ ಎಸ್‌ಎಸ್‌ಡಿಯ ಸಂಖ್ಯೆ 0, ಮದುವೆ ಫೋಟೊಗಳಿದ್ದ ಹಾರ್ಡ್ ಡಿಸ್ಕಿನದು 1, ಪೆನ್‌ಡ್ರೈವಿನದು 2. ಪತ್ರಿಕೆಯಲ್ಲಿ ಇದ್ದಂತೆ 1 ಎಂದು ಒತ್ತಿ, ಅಳಿಸುವ ಆಜ್ಞೆಯಾದ ‘ಕ್ಲೀನ್’ ಎಂದು ಟೈಪ್ ಮಾಡಿ, ಹೊಸ ಪಾರ್ಟಿಷನನ್ನೂ ಮಾಡಿದ್ದಾರೆ. 16 ಜಿಬಿ ಪೆನ್‌ಡ್ರೈವ್ 931 ಜಿಬಿ ತೋರಿಸಿದಾಗಲೇ ಅವರಿಗೆ ಎದೆ ಧಸಕ್ಕೆಂದದ್ದು.

ಗಮನಿಸಬೇಕಾದ ಸಂಗತಿಯೆಂದರೆ, ವಿಂಡೋಸ್ ನಡೆಯುತ್ತಿರುವ ಡಿಸ್ಕನ್ನು ಅಳಿಸಲು ಹೋದರೆ ಡಿಸ್ಕ್‌ಪಾರ್ಟ್ ತಾನಾಗಿಯೇ ನಿರಾಕರಿಸುತ್ತದೆ. ಆದರೆ ಎರಡನೆಯ ಡಿಸ್ಕಿಗೆ, ಅಂದರೆ ಜನ ತಮ್ಮ ಫೋಟೊ, ಲೆಕ್ಕಪತ್ರಗಳನ್ನು ಜೋಪಾನವಾಗಿ ಎತ್ತಿಡುವ ಡಿಸ್ಕಿಗೇ, ಆ ರಕ್ಷಣೆ ಇಲ್ಲ. ‘ಖಚಿತವೇ?’ ಎಂದೂ ಅದು ಕೇಳುವುದಿಲ್ಲ. ವಿಂಡೋಸ್‌ನಂಥದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್‌ನಲ್ಲಿ ಪಾರ್ಟಿಷನ್ ಮಾಡುವ ಎಫ್‌ಡಿಸ್ಕ್ ಈ ವಿಷಯದಲ್ಲಿ ವಾಸಿ: ‘ಡಬ್ಲ್ಯು’ ಒತ್ತುವ ತನಕ ಮಾಡಿದ ಬದಲಾವಣೆಯೊಂದನ್ನೂ ಡಿಸ್ಕಿಗೆ ಬರೆಯುವುದಿಲ್ಲ.

ಹಾಗಾಗಿ ಅಳಿಸುವ ಮೊದಲು ಎರಡು ಆಜ್ಞೆಗಳನ್ನು ಹೇಳಿಕೊಡಬೇಕಿತ್ತು. ‘ಲಿಸ್ಟ್ ಡಿಸ್ಕ್’ ಎಂದರೆ ಪ್ರತಿ ಡಿಸ್ಕಿನ ಗಾತ್ರ ಕಾಣುತ್ತದೆ. ಡಬ್ಬಿಯ ಮೇಲೆ 1 ಟಿಬಿ ಎಂದಿರುವುದು ಇಲ್ಲಿ 931 ಜಿಬಿ ಎಂದೂ, 16 ಜಿಬಿಯದು ಸುಮಾರು 14 ಎಂದೂ ಬರುತ್ತದೆ. ತಯಾರಕರು ಸಾವಿರದ ಲೆಕ್ಕ ಹಿಡಿದರೆ ವಿಂಡೋಸ್ 1024ರ ಲೆಕ್ಕ ಹಿಡಿಯುವುದೇ ಇದಕ್ಕೆ ಕಾರಣ. ಸಂಖ್ಯೆಯನ್ನು ಆರಿಸಿಕೊಂಡ ಮೇಲೆ ‘ಡಿಟೇಲ್ ಡಿಸ್ಕ್’ ಎಂದರೆ ಆ ಡಿಸ್ಕಿನ ಮಾಡೆಲ್ ಹೆಸರು, ಅದು ಯುಎಸ್‌ಬಿಯೋ ಅಲ್ಲವೋ ಎಂಬುದು, ಅದರಲ್ಲಿರುವ ಡ್ರೈವ್‌ಗಳ ಅಕ್ಷರ ಎಲ್ಲವೂ ತೆರೆಯ ಮೇಲೆ ಬರುತ್ತವೆ. ಪೆನ್‌ಡ್ರೈವನ್ನು ಒಮ್ಮೆ ಕಿತ್ತು ಮತ್ತೆ ಪಟ್ಟಿ ನೋಡಿದರೆ ಯಾವ ಸಾಲು ಮಾಯವಾಯಿತು ಎಂಬುದರಿಂದಲೂ ಗೊತ್ತಾಗುತ್ತದೆ. ನಾನು ಇಂದಿಗೂ ಹೀಗೆಯೇ ಮಾಡುವುದು.

ಸ್ಟುಡಿಯೊದವರ ಪುಣ್ಯ, ಅವರು ಫಾರ್ಮ್ಯಾಟ್ ಮಾಡುವ ಮೊದಲೇ ಕೈ ತೆಗೆದಿದ್ದರು. ಬರೀ ‘ಕ್ಲೀನ್’ ಎಂದರೆ ಅಳಿಯುವುದು ಪಾರ್ಟಿಷನ್‌ಗಳ ಪಟ್ಟಿ ಮಾತ್ರ, ಫೈಲುಗಳು ಇದ್ದಲ್ಲೇ ಇರುತ್ತವೆ. ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶದಿಂದ ಹಳೆಯ ಪಾರ್ಟಿಷನನ್ನು ಹುಡುಕಿ ತೆಗೆಯಲು ಸಾಧ್ಯವಾಯಿತು. ‘ಕ್ಲೀನ್ ಆಲ್’ ಎಂದಿದ್ದರೆ ಡಿಸ್ಕಿನ ಉದ್ದಕ್ಕೂ ಸೊನ್ನೆಗಳು ತುಂಬಿಕೊಳ್ಳುತ್ತಿದ್ದವು, ಆಮೇಲೆ ಯಾರಿಂದಲೂ ಏನೂ ಮಾಡಲಾಗುತ್ತಿರಲಿಲ್ಲ.

ಇಂಥ ವಿಷಯಗಳು ಕನ್ನಡದಲ್ಲಿ ಬರುವುದು ಬೇಡವೆಂದು ನಾನು ಖಂಡಿತ ಹೇಳುತ್ತಿಲ್ಲ. ಮುಂದಿನ ಅಂಕಣದಲ್ಲಿ ಒಂದು ತಿದ್ದುಪಡಿ ಹಾಕಿ, ಡಿಸ್ಕ್ ಸಂಖ್ಯೆಯ ಜಾಗದಲ್ಲಿ ಅಂಕಿಯ ಬದಲು ಖಾಲಿ ಗೆರೆಯೊಂದನ್ನು ಅಚ್ಚು ಹಾಕಿಸಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಓದುಗ, ತಿಪಟೂರು