ಸಿಡಿಯದ ಮದ್ದು ಕೊಳವೆಬಾವಿಗೆ ಇಳಿಯುತ್ತಿದೆ: ಗಣಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗಣಿ ಮತ್ತು ಭೂವಿಜ್ಞಾನ ಸಚಿವರೇ,

2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಮರುತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ. ಆ ಎರಡು ಸ್ಫೋಟ ದುರಂತಗಳ ನಂತರ ಸ್ಫೋಟಕ ಎಲ್ಲಿಂದ ಬಂತು, ಲೈಸೆನ್ಸ್ ಯಾರದು ಎಂಬ ಪ್ರಶ್ನೆಗಳೆದ್ದವು. ಕ್ವಾರಿಯಲ್ಲಿ ಸಿಡಿಯದೆ ಉಳಿದದ್ದು ಎಲ್ಲಿಗೆ ಹೋಗುತ್ತದೆ ಎಂದೂ ದಯವಿಟ್ಟು ಕೇಳಿ.

ಬಂಡೆ ಸಿಡಿಸುವ ಮದ್ದಿನ ಬಹುಪಾಲು ಅಮೋನಿಯಂ ನೈಟ್ರೇಟ್ ಎಂಬ ಉಪ್ಪು. ಡೀಸೆಲ್ ಬೆರೆಸಿದ ಆನ್‌ಫೋದಲ್ಲಿ ನೂರಕ್ಕೆ 94 ಪಾಲು ಅದೇ. ಒಂದು ಲೀಟರ್ ನೀರಿನಲ್ಲಿ ಒಂದೂವರೆ ಕಿಲೋಗೂ ಹೆಚ್ಚು ಕರಗುವ ಈ ಉಪ್ಪನ್ನು ಬಂಡೆಯಲ್ಲಿ ಕೊರೆದ ಒದ್ದೆ ಕುಳಿಗೆ ಸುರಿದರೆ ತಳದ ಪದರ ಕರಗಿ, ಸಿಡಿಯದೆ ಉಳಿಯುತ್ತದೆ. ಬ್ಲಾಸ್ಟ್ ಆದ ಮೇಲೆ ಕಿತ್ತಳೆ ಬಣ್ಣದ ಹೊಗೆ ಎದ್ದರೆ ಮದ್ದು ಸರಿಯಾಗಿ ಸಿಡಿದಿಲ್ಲ ಎಂದೇ ತಿಳಿಯಬೇಕು.

ನೆಲ ಸೇರಿದ ಮೇಲೆ ಉಪ್ಪು ಎರಡಾಗುತ್ತದೆ. ಅಮೋನಿಯಂನದು ಧನ ವಿದ್ಯುದಂಶ, ಜೇಡಿ ಕಣಗಳದು ಋಣ. ಹಾಗಾಗಿ ಅದು ಮಣ್ಣಿಗೆ ಅಂಟಿ ನಿಲ್ಲುತ್ತದೆ. ನೈಟ್ರೇಟಿನದೂ ಋಣವೇ. ಮಣ್ಣು ಅದನ್ನು ಹಿಡಿಯದು, ಮಳೆನೀರು ಹೋದಲ್ಲಿಗೆ ಅದೂ ಹೋಗುತ್ತದೆ. ಅಂಟಿಕೊಂಡ ಅಮೋನಿಯಂ ಕೂಡ ಶಾಶ್ವತವಾಗಿ ನಿಲ್ಲುವುದಿಲ್ಲ, ಗಾಳಿಯಾಡುವ ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನೂ ನೈಟ್ರೇಟ್ ಮಾಡಿಬಿಡುತ್ತವೆ. ದೊಡ್ಡ ಗಣಿಗಳಲ್ಲಿ ಮುಖ್ಯ ಮದ್ದನ್ನು ಸಿಡಿಸಲು ಇಡುವ ಬೂಸ್ಟರುಗಳಲ್ಲಿರುವ ಟಿಎನ್‌ಟಿ ಎಂಬ ಸ್ಫೋಟಕದ ದಾರಿ ಬೇರೆ. ಸೂಕ್ಷ್ಮಜೀವಿಗಳು ಅದನ್ನು ಅಮೈನುಗಳೆಂಬ ಸಂಯುಕ್ತಗಳಾಗಿ ಬದಲಿಸುತ್ತವೆ, ಆ ಅಮೈನುಗಳು ಹ್ಯೂಮಸ್ಸಿಗೆ, ಅಂದರೆ ಕೊಳೆತ ಎಲೆ-ಕಸದಿಂದಾದ ಮಣ್ಣಿನ ಅಂಶಕ್ಕೆ, ಬಿಗಿಯಾಗಿ ಬೆಸೆದುಕೊಳ್ಳುತ್ತವೆ. ಆದರೆ ಇದಕ್ಕೆಲ್ಲ ಮೊದಲು ಮಣ್ಣಿರಬೇಕಲ್ಲ! ಬಂಡೆ ಕಾಣುವವರೆಗೆ ಮೇಲ್ಮಣ್ಣು ಕೆರೆದುಹಾಕಿದ ಕ್ವಾರಿಯಲ್ಲಿ ಜೇಡಿಯೂ ಇಲ್ಲ, ಹ್ಯೂಮಸ್ಸೂ ಇಲ್ಲ. ನೀರು ನೇರವಾಗಿ ಗ್ರಾನೈಟಿನ ಬಿರುಕಿಗೆ ಇಳಿಯುತ್ತದೆ. ಸುತ್ತಲ ಕೊಳವೆಬಾವಿಗಳಿಗೆ ನೀರು ಸಿಗುವುದೂ ಅಂಥ ಬಿರುಕುಗಳಿಂದಲೇ.

ಒಂದು ಕಿಲೋ ಅಮೋನಿಯಂ ನೈಟ್ರೇಟಿನಲ್ಲಿ 775 ಗ್ರಾಂ ನೈಟ್ರೇಟ್ ಇದೆ. ಕುಡಿಯುವ ನೀರಿನಲ್ಲಿ ಭಾರತೀಯ ಮಾನಕದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅಂದರೆ ಚೆಲ್ಲಿದ ಒಂದು ಕಿಲೋ ಸುಮಾರು 17,000 ಲೀಟರ್ ಶುದ್ಧ ನೀರನ್ನು ಆ ಮಿತಿಗೆ ತಂದು ನಿಲ್ಲಿಸಬಲ್ಲದು. ಅಮೋನಿಯಂ ಪೂರ್ತಿ ನೈಟ್ರೇಟ್ ಆದರೆ ಇದರ ಎರಡರಷ್ಟು.

ತಡೆಯುವುದು ಕಷ್ಟವಲ್ಲ. ಮದ್ದು ತುಂಬುವ ಮೊದಲು ತೂಕ ಕಟ್ಟಿದ ಟೇಪು ಇಳಿಬಿಟ್ಟು ಪ್ರತಿ ಕುಳಿಯಲ್ಲಿ ನೀರಿದೆಯೇ ನೋಡಬೇಕು. ಇದ್ದರೆ ಆನ್‌ಫೋ ಬೇಡ, ಎಮಲ್ಷನ್ ಕಾರ್ಟ್ರಿಜ್ (ಅಮೋನಿಯಂ ನೈಟ್ರೇಟ್ ದ್ರಾವಣದ ಹನಿಗಳನ್ನು ಎಣ್ಣೆಯಲ್ಲಿ ಬೆರೆಸಿ ಕೊಳವೆಯಲ್ಲಿ ತುಂಬಿದ ಮದ್ದು) ಹಾಕಲಿ. ಅದರ ಹನಿಗಳ ಸುತ್ತ ಎಣ್ಣೆಯ ಪದರವಿರುವುದರಿಂದ ನಿಧಾನವಾಗಿ ಕರಗುತ್ತದೆ. ತುಂಬಿದ ಕುಳಿಯನ್ನು ರಾತ್ರಿಯಿಡೀ ಬಿಡಬಾರದು. ಕುಳಿಯ ಬಾಯಲ್ಲಿ ಚೆಲ್ಲಿದ್ದನ್ನು ಗುಡಿಸಿ ಎತ್ತಬೇಕು, ನೀರು ಹಾಕಿ ತೊಳೆಯುವುದಂತೂ ಕೂಡದು.

ಗೊಬ್ಬರದಿಂದಲೂ ಶೌಚಗುಂಡಿಯಿಂದಲೂ ನೈಟ್ರೇಟ್ ಬರುತ್ತದೆ ಎಂದು ಗುತ್ತಿಗೆದಾರರು ಹೇಳುತ್ತಾರೆ. ನಿಜ. ಅದಕ್ಕೇ ಕ್ವಾರಿ ಹೊಂಡದ ನೀರನ್ನೂ ಕೆಳಗಿನ ಕೊಳವೆಬಾವಿಗಳ ನೀರನ್ನೂ ಮಳೆಗಾಲದ ಮೊದಲೊಮ್ಮೆ, ನಂತರವೊಮ್ಮೆ ಪರೀಕ್ಷಿಸಿ. ನೈಟ್ರೇಟಿನ ಜೊತೆ ಅಮೋನಿಯಾ, ನೈಟ್ರೈಟ್, ಕ್ಲೋರೈಡ್ ಕೂಡ ಅಳೆಯಿರಿ. ಶೌಚಗುಂಡಿಯ ನೀರಾದರೆ ಸಾಮಾನ್ಯವಾಗಿ ಕ್ಲೋರೈಡೂ ಏರಿರುತ್ತದೆ. ಅನುಮಾನ ಉಳಿದರೆ ನೈಟ್ರೇಟಿನಲ್ಲಿರುವ ಆಕ್ಸಿಜನ್-18 ಐಸೊಟೋಪು (ಆಮ್ಲಜನಕದ ಭಾರವಾದ ರೂಪ) ಮೂಲದ ಸುಳಿವು ಕೊಡುತ್ತದೆ.

ಈ ಪರೀಕ್ಷೆಯನ್ನು ಲೀಸ್ ನವೀಕರಣದ ಷರತ್ತಾಗಿಸಿ, ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಫಲಕಕ್ಕೆ ಹಾಕಿಸಿ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರತೆ ಏರುತ್ತದೆ. ಆ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಹಸುಗೂಸಿನ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿಯೇ ಕುಗ್ಗಬಹುದು. ಮಿತಿ ಮೀರಿದ ಊರುಗಳಲ್ಲಿ ಆರು ತಿಂಗಳೊಳಗಿನ ಕೂಸುಗಳಿರುವ ಮನೆಗಳಿಗೆ ಮೊದಲು ಬೇರೆ ನೀರು ಕೊಡಿಸಿ.

ಇಂತಿ,
ಸ್ಫೋಟಕ ಮತ್ತು ಅಂತರ್ಜಲದ ಕೆಲಸ ಬಲ್ಲ ಕೆಲವರು