ಇನಿಷಿಯಲ್ ಬಿಡಿಸಿ ಬರೆಯಿರಿ

ಸಂಪಾದಕರೇ,

ಮಗಳ ಬಾಣಂತನಕ್ಕೆ ಜರ್ಮನಿಗೆ ಹೋಗಬೇಕಾಗಿದೆ. ಹಾಗಾಗಿ 63ನೇ ವಯಸ್ಸಿನಲ್ಲಿ ಮೊದಲ ಸಲ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆ. ಶುಲ್ಕ 1500 ರೂಪಾಯಿ. 60 ದಾಟಿದವರಿಗೆ ಶೇ 10 ರಿಯಾಯಿತಿ ಇರುವುದರಿಂದ ನನಗೆ 1350 ಆಯಿತು. ಸಿಕ್ಕಿಹಾಕಿಕೊಂಡಿದ್ದು ಹೆಸರಿನಲ್ಲಿ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನಾನು ಎಚ್.ಎಸ್. ಶಾರದ. ಎಚ್ ಅಂದರೆ ಅಪ್ಪನ ಊರು ಹೆತ್ತೂರು, ಎಸ್ ಅಂದರೆ ಅಪ್ಪ ಸಿದ್ದೇಗೌಡರು. ಆಧಾರ್‌ನಲ್ಲಿ ಬರೀ ಶಾರದಮ್ಮ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ. ಹೆಸರಿಗೊಂದು ಖಾನೆ, ಸರ್‌ನೇಮಿಗೊಂದು ಖಾನೆ. ನಮ್ಮ ಕಡೆ ಸರ್‌ನೇಮ್ ಎಲ್ಲಿಂದ ತರೋದು? ಖಾಲಿ ಬಿಡಬಹುದು, ಆದರೆ ಮಗಳು ಬೇಡ ಅಂದಳು. 2022ರ ನವೆಂಬರಿನಲ್ಲಿ ಯುಎಇಯವರು ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ ಪ್ರವಾಸಿ ವೀಸಾ ಕೊಡುವುದಿಲ್ಲ ಅಂದಿದ್ದು ಅವಳಿಗೆ ನೆನಪಿತ್ತು. ಸರಿ, ಅಪ್ಪನ ಹೆಸರು ಸೇರಿಸಿ ಆಧಾರ್ ತಿದ್ದಿಸಿದೆ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನಕ್ಕೆ ಎರಡೇ ಅವಕಾಶ, ಹುಷಾರು. ಈ ಓಡಾಟದಲ್ಲಿ ಹಾಸನದ ಬಸ್ಸು ಮೂರು ಸಲ ಹತ್ತಿದೆ.

ಆಮೇಲೆ ಪೊಲೀಸ್ ವೆರಿಫಿಕೇಶನ್. ಪೇದೆ ಊರ ಅಂಗಡಿ ಮುಂದೆ ಬೈಕ್ ನಿಲ್ಲಿಸಿ, "ಶಾರದಮ್ಮ ಸಿದ್ದೇಗೌಡ ಅವರ ಮನೆ ಯಾವುದು?" ಅಂದರಂತೆ. ಅಂಗಡಿಯವನು, "ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ ಸಾರ್" ಅಂದನಂತೆ. ಅವನ ಕೈಹಿಡಿದು ಅಆಇಈ ತಿದ್ದಿಸಿದವಳೇ ನಾನು! ಆದರೆ ಊರಿಗೆಲ್ಲ ನಾನು ಟೀಚರಮ್ಮ. ಪುಣ್ಯಕ್ಕೆ ಪೇದೆ ಹಾಗೇ ವಾಪಸ್ ಹೋಗದೆ ಫೋನ್ ಮಾಡಿದರು. ಅಕ್ಕಪಕ್ಕದ ಇಬ್ಬರ ಸಹಿ ಹಾಕಿಸಿಕೊಂಡು, ಕಾಫಿ ಕುಡಿದು ಹೊರಟರು. ದುಡ್ಡು ಕೇಳಲಿಲ್ಲ. ಕೊಡಬೇಕಾಗಿಯೂ ಇಲ್ಲ, ಇದು ಎಲ್ಲರಿಗೂ ಗೊತ್ತಿರಲಿ.

ಯಾರನ್ನು ದೂರಲಿ? 32 ವರ್ಷ, ಜೂನ್ ಬಂದರೆ ಶಾಲೆಯ ದಾಖಲಾತಿ ರಿಜಿಸ್ಟರ್ ಬರೆದವಳು ನಾನೇ. ಕಾಲಂ ಚಿಕ್ಕದು, ಮುಂದೆ ಅಪ್ಪ ಅಮ್ಮಂದಿರ ಸಾಲು. ಕೆ.ಎಂ., ಬಿ.ಆರ್. ಅಂತ ಗೀಚಿ ಮುಗಿಸುತ್ತಿದ್ದೆ. ಅದೇ ಟಿ.ಸಿ.ಗೆ ಹೋಗುತ್ತದೆ, ಅದೇ ಅಂಕಪಟ್ಟಿಗೆ ಬರುತ್ತದೆ. ಈಗ ಹಳೇ ವಿದ್ಯಾರ್ಥಿಗಳು ಫೋನ್ ಮಾಡಿ, "ಮಿಸ್, ನನ್ನ ಬಿ ಅಂದ್ರೆ ಏನು ಅಂತ ಬರೆದುಕೊಡ್ತೀರಾ?" ಅಂತಾರೆ.

2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳ ಪಾಸ್‌ಪೋರ್ಟಿಗೆ ಹುಟ್ಟಿದ ದಿನದ ದಾಖಲೆಯಾಗಿ ಜನನ ಪ್ರಮಾಣಪತ್ರ ಒಂದೇ ನಡೆಯುವುದು. ಆ ಮಕ್ಕಳು ಇನ್ನು ಕೆಲವೇ ವರ್ಷದಲ್ಲಿ 1ನೇ ತರಗತಿಗೆ ಬರುತ್ತಾರೆ. ಜನನ ಪತ್ರದಲ್ಲಿ ಒಂದು ಹೆಸರು, ಶಾಲೆಯ ರಿಜಿಸ್ಟರಿನಲ್ಲಿ ಇನ್ನೊಂದು ಆಗದಂತೆ ಜಿಲ್ಲೆಯ ಶಿಕ್ಷಣಾಧಿಕಾರಿಗಳು ಶಾಲೆಗಳಿಗೆ ಒಂದು ಸುತ್ತೋಲೆ ಕಳಿಸಲಿ. ಕಾಲಂ ಸಾಲದಿದ್ದರೆ ಎರಡು ಸಾಲಿನಲ್ಲಿ ಬರೆಯಲಿ.

– ನಿವೃತ್ತ ಶಿಕ್ಷಕಿ, ಸಕಲೇಶಪುರ ತಾಲ್ಲೂಕು