ಹಳೇಪೇಟೆ ಗೋಡೆಗೆ ಸಿಮೆಂಟ್ ಬೇಡ

ಮಾನ್ಯರೇ,

ಚಿತ್ರದುರ್ಗಕ್ಕೆ ಬಂದವರು ಏಳು ಸುತ್ತಿನ ಕೋಟೆ, ಓಬವ್ವನ ಕಿಂಡಿ ನೋಡಿ ಬಸ್ ಹತ್ತುತ್ತಾರೆ. ಕೆಳಗಿನ ದೊಡ್ಡಪೇಟೆ, ಚಿಕ್ಕಪೇಟೆಗಳನ್ನು ಬೆಳಿಗ್ಗೆ ಅಂಗಡಿ ತೆರೆಯುವ ಮುನ್ನ ನಡೆದೇ ನೋಡಬೇಕು. ಆಮೇಲೆ ಬೈಕುಗಳ ನಡುವೆ ತಲೆ ಎತ್ತಲೂ ಆಗದು.

ಇಲ್ಲಿನ ಹಳೇ ಮನೆಗಳನ್ನು ಕೆಡಿಸುತ್ತಿರುವುದು ವಯಸ್ಸಿಗಿಂತ ಹೆಚ್ಚಾಗಿ ರಿಪೇರಿ. ಮಣ್ಣು, ಸುಣ್ಣದ ಗೋಡೆಗೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು, ಬುಡದಲ್ಲಿ ಉಪ್ಪು ಎದ್ದು, ಗಾರೆ ಹಪ್ಪಳದಂತೆ ಕಳಚುತ್ತದೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಸಾಕು. ಆದರೆ ಸುಟ್ಟ ಸುಣ್ಣವನ್ನು ಕೆಲವು ವಾರ ನೀರಿನಲ್ಲಿ ಅರಳಿಸಿ, ಸೋಸಿರಬೇಕು. ಅವಸರ ಮಾಡಿದರೆ ಅರಳದ ಹರಳು ಗೋಡೆಯಲ್ಲೇ ಸಿಡಿದು ಗುಳಿ ಬೀಳುತ್ತದೆ. ಬಣ್ಣವೂ ಸುಣ್ಣದ್ದೇ ಇರಲಿ, ಪ್ಲಾಸ್ಟಿಕ್ ಪೇಂಟ್ ಬೇಡ. ದುರಸ್ತಿಗೆ ಪರವಾನಗಿ ಕೊಡುವಾಗಲೇ ನಗರಸಭೆ ಇಷ್ಟನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಕೊಡಲಿ.

– ಹಳೇಪೇಟೆ ನಿವಾಸಿಗಳು, ಚಿತ್ರದುರ್ಗ